ಪ್ರತಿಪಾರ್ಶ್ವ ಶ್ರವಣನಾಶ: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಒಂದು ಕಣ್ಣಿಗಾದ ಗಾಯವು ಕೆಲಕಾಲ ಸಂದ ಮೇಲೆ ನಿರಪರಾಧಿಯಾದ ಇನ್ನೊಂದು ಕಣ್ಣನ್ನೂ ಕೆಡಿಸಬಲ್ಲುದೆಂಬುದು ವೈದ್ಯಶಾಸ್ತ್ರಕ್ಕೆ ಹಳೆಯ ಸಂಗತಿ. ಫ್ರಾನ್ಸಿನ ಲೂಯಿ ಬ್ರೈಲ್ 1812ರಲ್ಲಿ, ಮೂರು ವರ್ಷದ ಶಿಶುವಾಗಿದ್ದಾಗ, ಜೀನು ಹೊಲಿಯುವ ತಂದೆಯ ಅಂಗಡಿಯಲ್ಲಿ ಚೂಪಾದ ಉಪಕರಣವೊಂದನ್ನು ತಗುಲಿಸಿಕೊಂಡು ಒಂದು ಕಣ್ಣನ್ನು ಕಳೆದುಕೊಂಡನು. ಐದನೆಯ ವಯಸ್ಸಿನ ಹೊತ್ತಿಗೆ ಎರಡು ಕಣ್ಣುಗಳ ಬೆಳಕೂ ಆರಿತ್ತು. ಕಿವಿಗೂ ಇಂಥ ಗತಿ, ಎಂದರೆ ಪ್ರತಿಪಾರ್ಶ್ವ ಶ್ರವಣನಾಶ, ಒದಗುವುದುಂಟೆ ಎಂಬ ಪ್ರಶ್ನೆಯಾದರೋ ಸ್ಪಷ್ಟರೂಪ ತಾಳಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1958ರಲ್ಲಿ ಜರ್ಮನಿಯ ಲೇನ್‌ಹಾರ್ಟ್, ಒಂದರ ಬೆನ್ನಿಗೊಂದರಂತೆ ಎರಡು ಕಿವಿಗಳೂ ಹಠಾತ್ತಾಗಿ ಕೆಟ್ಟ ರೋಗಿಗಳನ್ನು ಕುರಿತು ಬರೆಯುತ್ತ, ಮೊದಲು ಕೆಟ್ಟ ಕಾಕ್ಲಿಯದ (ಒಳಗಿವಿಯ ಶ್ರವಣಾಂಗದ) ವಿರುದ್ಧ ಶರೀರವು ನಿರ್ಮಿಸಿಕೊಂಡ ಪ್ರತಿಕಾಯಗಳೇ ಎರಡನೆಯದರ ಮೇಲೂ ಬೀಳುತ್ತಿರಬಹುದೆಂದು ಊಹಿಸಿದನು. 1979ರಲ್ಲಿ ಅಮೆರಿಕದ ಮೆಕ್‌ಕೇಬ್ 18 ರೋಗಿಗಳ ವೃತ್ತಾಂತವನ್ನು ಮುಂದಿಟ್ಟು, ಸ್ವಪ್ರತಿರಕ್ಷೆಯಿಂದಾಗುವ ಕಿವುಡು ಔಷಧಕ್ಕೆ ಮಣಿಯುತ್ತದೆಂದು ತೋರಿಸಿದನು. 1985ರಲ್ಲಿ ಹ್ಯಾರಿಸ್, ಲೋ, ಹೌಸ್ ಎಂಬವರು ಒಂದು ಅಂತಃಕರ್ಣಕ್ಕೆ ಆಘಾತವಾದ ಮೇಲೆ ಇನ್ನೊಂದರಲ್ಲಿ ಕಂಡ ಶ್ರವಣನಾಶವನ್ನು ಕಣ್ಣಿನ ಆ ವ್ಯಾಧಿಗೆ ಹೋಲಿಸಿದರು. ಆದರೆ ತಮ್ಮ ಲೇಖನದ ಶೀರ್ಷಿಕೆಯನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೇ ಮುಗಿಸಿದರು. ಆ ಚಿಹ್ನೆಯನ್ನು ಅಳಿಸುವ ಕಾಲ ಇನ್ನೂ ಬಂದಿಲ್ಲವೆಂದೇ ನನ್ನ ಅಭಿಪ್ರಾಯ. ಬದುಕಿರುವ ಮನುಷ್ಯನ ಅಂತಃಕರ್ಣದಿಂದ ತುಣುಕನ್ನು ತೆಗೆದು ಪರೀಕ್ಷಿಸಹೋದರೆ ಉಳಿದ ಶ್ರವಣವೂ ನಾಶವಾಗುವುದರಿಂದ, ಇಲ್ಲಿ ಪ್ರಮಾಣವೆಲ್ಲ ಪರೋಕ್ಷವಾದದ್ದು. ಕಾಲಕ್ರಮವೇ ಮುಖ್ಯ ಸಾಕ್ಷಿ.

ಈ ಕಾಲಕ್ರಮವನ್ನು ಗೊತ್ತುಮಾಡುವುದು ಎಷ್ಟು ಕಠಿನವೆಂಬುದಕ್ಕೆ ಮರಾಠವಾಡದ ಈ ಗಡಿನಾಡು ಒಳ್ಳೆಯ ನಿದರ್ಶನ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶವಿಸರ್ಜನೆಯನ್ನು ಮುಗಿಸಿ ಜನರು ನಿದ್ರೆಹೋಗಿದ್ದ ಹೊತ್ತಿನಲ್ಲಿ, ಕಿಲ್ಲಾರಿಯ ಭೂಕಂಪವು ಔಸಾ, ನಿಲಂಗಾ, ಉಮರ್ಗಾ ತಾಲೂಕುಗಳ ಅನೇಕ ಹಳ್ಳಿಗಳನ್ನು ನೆಲಸಮ ಮಾಡಿತು. ಮಣ್ಣಿನಲ್ಲಿ ಕಟ್ಟಿದ ದಪ್ಪನೆಯ ಕಲ್ಲುಗೋಡೆಗಳೂ ತೊಲೆಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದುದರಿಂದ ಸುಮಾರು 10,000 ಮಂದಿ ಮಡಿದರು. ಉಳಿದ ಗಾಯಾಳುಗಳಿಗೆ ಪ್ರಾಣ, ಎಲುಬು, ಸೂರು ಎಂಬ ಚಿಂತೆಗಳಿದ್ದ ಆ ದಿನಗಳಲ್ಲಿ ಕಿವಿಯನ್ನು ಅಳೆಯುವ ಯೋಚನೆ ಯಾರ ಮನಸ್ಸಿಗೆ ತಾನೆ ಬಂದೀತು? ತಲೆಗೆ ಬಲವಾದ ಪೆಟ್ಟು ಬಿದ್ದು ಶಂಖಾಸ್ಥಿಯು ಅಡ್ಡವಾಗಿ ಸೀಳಿದಲ್ಲಿ ಆ ಪಕ್ಕದ ಕಿವಿ ಸಾಮಾನ್ಯವಾಗಿ ಪೂರ್ಣವಾಗಿ ಸಾಯುತ್ತದೆ. ಎಲುಬು ಮುರಿಯದ ಇನ್ನೊಂದು ಪಕ್ಕದಲ್ಲಿಯೂ ಅದೇ ಕ್ಷಣದ ಅದುರಿನಿಂದ ತಾರಸ್ವರಗಳ ಶ್ರವಣ ಕುಂದುವುದುಂಟು. ಇದು ಪೆಟ್ಟಿನ ಗಳಿಗೆಯಲ್ಲಿಯೇ ಆದ ಹಾನಿ. ಪ್ರತಿಕಾಯಗಳಿಂದ ಆಗುವುದೆನ್ನಲಾದ ಹಾನಿಯಾದರೋ ವಾರಗಳೋ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬರತಕ್ಕದ್ದು. ಆಘಾತವಾದ ಕೂಡಲೆ ಎರಡೂ ಕಿವಿಗಳನ್ನು ಪರೀಕ್ಷಿಸಿ ಬರೆದಿಡದೆ ಹೋದರೆ ಇವೆರಡನ್ನು ಬೇರ್ಪಡಿಸುವ ಉಪಾಯವೇ ಉಳಿಯದು.

ಶಸ್ತ್ರಚಿಕಿತ್ಸೆಯ ವಿಷಯವೂ ಹೀಗೆಯೇ. ಬಾಲ್ಯದಿಂದ ಕಿವಿ ಸೋರುತ್ತಿದ್ದು, ಕೊನೆಗೆ ಕಿವಿಯ ಹಿಂದಿನ ಎಲುಬನ್ನು ಕೊರೆಯಿಸಿಕೊಂಡವರು ನಮ್ಮ ಹಳ್ಳಿಗಾಡಿನಲ್ಲಿ ವಿರಳರಲ್ಲ. ಕೊರೆಯುವ ಯಂತ್ರದ ಸದ್ದು ತಲೆಬುರುಡೆಯ ಮೂಲಕ ಹೆಚ್ಚುಕಡಮೆ ಅದೇ ಪ್ರಮಾಣದಲ್ಲಿ ಇನ್ನೊಂದು ಕಾಕ್ಲಿಯವನ್ನೂ ಮುಟ್ಟುತ್ತದೆ. ಏಕೆಂದರೆ ಅಸ್ಥಿವಹನದಲ್ಲಿ ಒಂದು ಪಕ್ಕದಿಂದ ಇನ್ನೊಂದಕ್ಕೆ ಧ್ವನಿ ಕುಗ್ಗುವುದು 10 ಡೆಸಿಬೆಲ್‌ಗೂ ಮೀರದು. ಇದರಿಂದಾದ ಮಂದತೆ ಬಹುತೇಕ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ಗಳಂಥ ಔಷಧಗಳ ವಿಷಪ್ರಭಾವವನ್ನೂ ಇಲ್ಲಿ ನೆನೆಯಬೇಕು. ಇನ್ನು, ಮಂಗನಬಾವಿನಂಥ ಕಾಯಿಲೆಯಿಂದ ಬಾಲ್ಯದಲ್ಲಿಯೇ ಒಂದು ಕಿವಿ ಕೆಟ್ಟವರಿಗೆ ಬಹುವರ್ಷಗಳ ತರುವಾಯ ಇನ್ನೊಂದರಲ್ಲಿ ಏರಿಳಿಯುವ ಕಿವುಡು ತೋರುವುದನ್ನು 1978ರಲ್ಲಿ ಷುಕ್ನೆಕ್ಟ್ ಒಳಗಿವಿಯ ದ್ರವದ ಒತ್ತಡಕ್ಕೆ ಸಂಬಂಧಿಸಿ ವಿವರಿಸಿದನು. ಅದು ಪ್ರತಿಕಾಯದ ವಾದಕ್ಕೆ ಪ್ರಬಲ ಪ್ರತಿಸ್ಪರ್ಧಿ.

ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ವೈದ್ಯನನ್ನು ವಂಚಿಸುವುದು ನೆರಳು. ಒಳ್ಳೆಯ ಕಿವಿಗೆ ಗುಜುಗುಜು ಸದ್ದನ್ನು ಕೊಟ್ಟು ಅದನ್ನು ತೊಡಗಿಸಿಡದೆ ಪರೀಕ್ಷೆ ನಡೆಸಿದರೆ, ಸತ್ತ ಕಿವಿಗೆ ಕೊಟ್ಟ ಧ್ವನಿಯನ್ನು ಬದುಕಿರುವ ಕಿವಿಯೇ ಬುರುಡೆಯ ಮೂಲಕ ಕೇಳಿ ಉತ್ತರ ಹೇಳುತ್ತದೆ; ಕಾಗದದ ಮೇಲೆ ಸತ್ತ ಕಿವಿಯು 50 ಅಥವಾ 60 ಡೆಸಿಬೆಲ್‌ನಲ್ಲಿ ಜೀವದಿಂದಿರುವಂತೆ ಕಾಣುತ್ತದೆ. ಮುಂದೆ ಒಳ್ಳೆಯ ಕಿವಿ ಇಳಿದಾಗ ಈ ನೆರಳೂ ಅದರೊಡನೆಯೇ ಇಳಿಯುವುದರಿಂದ, ಎರಡೂ ಕಿವಿಗಳು ಸಮವಾಗಿ ಕುಗ್ಗಿದಂತೆ ತೋರಿ, ವಯೋಧರ್ಮವೆಂಬ ಸಮಾಧಾನದ ಮಾತಿಗೆ ಎಡೆಯಾಗುತ್ತದೆ. ಪ್ರತಿಪಾರ್ಶ್ವ ಶ್ರವಣನಾಶವು ಹೀಗೆ ಕಣ್ಣೆದುರಿಗಿದ್ದೂ ಮರೆಯಾಗುವ ಸಂಭವ ಸಾಕಷ್ಟಿದೆ.

ಹಳೆಯ ಅಳತೆಗಳು ವೈದ್ಯನ ಕೈಗೆ ಸಿಗದಿರಲು ಈ ಸೀಮೆಯ ಗಡಿಯೂ ಒಂದು ಕಾರಣವಾಗಬಲ್ಲುದು. ಉದಗೀರ, ನಿಲಂಗಾಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಅಂದು ಅವು ಮುಂಬಯಿ ರಾಜ್ಯಕ್ಕೆ ಸೇರಿದುವು. ರಾಜ್ಯದ ಗೆರೆ ಬದಲಾಯಿತೇ ಹೊರತು ರೋಗಿಯ ದಾರಿ ಬದಲಾಗಲಿಲ್ಲ. ಉದಗೀರದ ರೈಲು ಈಗಲೂ ಭಾಲ್ಕಿಯ ಮೇಲೆ ಬೀದರಕ್ಕೆ ಹೋಗುತ್ತದೆ. ಉಮರ್ಗಾದವನಿಗೆ ಸೋಲಾಪುರ, ಹೈದರಾಬಾದುಗಳ ಹೆದ್ದಾರಿ ಮನೆಯ ಮುಂದೆಯೇ ಉಂಟು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಚೀಟಿಯಲ್ಲಿ ಇಂಗ್ಲಿಷು ಎಂಬ ಸ್ಥಿತಿಯ ಮನುಷ್ಯನೊಬ್ಬನು ಸೋಲಾಪುರದಲ್ಲಿ ಆಪರೇಶನ್ ಮಾಡಿಸಿಕೊಂಡು, ವರ್ಷದ ಮೇಲೆ ಇನ್ನೊಂದು ಕಿವಿ ಮಂದವಾಯಿತೆಂದು ಬೀದರದ ದವಾಖಾನೆಗೆ ಬಂದರೆ, ಅಲ್ಲಿಯ ವೈದ್ಯನಿಗೆ ಬೇಕಾದ ಏಕೈಕ ವಸ್ತು ಚಿಕಿತ್ಸೆಗೆ ಮೊದಲು ಎರಡೂ ಕಿವಿಗಳನ್ನು ಅಳೆದ ನಕ್ಷೆ. ಅದು ಬೇರೊಂದು ರಾಜ್ಯದ ಕಪಾಟಿನಲ್ಲಿದ್ದರೆ ಇಲ್ಲದ್ದಕ್ಕೆ ಸಮ. ಆ ನಕ್ಷೆಯ ಒಂದು ಪ್ರತಿಯನ್ನು ರೋಗಿಯ ಕೈಗೇ ಕೊಟ್ಟು, ಒಳ್ಳೆಯ ಕಿವಿಯಲ್ಲಿ ಮೊರೆತವೋ ಮಂದತೆಯೋ ತೋರಿದ ದಿನವೇ ಬರಬೇಕೆಂದು ಅವನ ಭಾಷೆಯಲ್ಲಿ ತಿಳಿಸತಕ್ಕದ್ದು.

ದಿನವೇ ಎಂದದ್ದು ಅತಿಶಯೋಕ್ತಿಯಲ್ಲ. ಪ್ರತಿಕಾಯಜನ್ಯವೆಂಬ ಸಂದೇಹ ಬಲವಾಗಿದ್ದಲ್ಲಿ ಪ್ರೆಡ್ನಿಸೊಲೋನ್ ಎಂಬ ಔಷಧವನ್ನು ವಯಸ್ಕರಿಗೆ ದಿನಕ್ಕೆ 60 ಮಿಲಿಗ್ರಾಮಿನ ಪ್ರಮಾಣದಲ್ಲಿ ಸುಮಾರು ನಾಲ್ಕು ವಾರ ಕೊಟ್ಟು, ಮತ್ತೆ ಅಳೆದು, ಗುಣ ಕಂಡರೆ ನಿಧಾನವಾಗಿ ಇಳಿಸುವುದು ರೂಢಿ. ಕ್ಷಯ, ಮಧುಮೇಹಗಳಿವೆಯೇ ಎಂದು ಮೊದಲೇ ನೋಡದೆ ಇದನ್ನು ಆರಂಭಿಸುವುದು ಅಪಾಯ. ಅದರ ಬದಲಿಗೆ ಮೆಥೊಟ್ರೆಕ್ಸೇಟ್ ಕೊಟ್ಟು ಶ್ರವಣವನ್ನು ಕಾಯ್ದುಕೊಳ್ಳಬಹುದೆಂಬ ಆಸೆಯನ್ನು 2003ರಲ್ಲಿ ಹ್ಯಾರಿಸ್ ಮತ್ತು ಸಂಗಡಿಗರ ಪ್ರಯೋಗವೇ ಹುಸಿಗೊಳಿಸಿತು. ಔಷಧ ಫಲಿಸದೆ ಎರಡು ಕಿವಿಗಳೂ ಹೋದ ಪಕ್ಷದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಉಳಿಯುತ್ತದೆ. ಆದರೆ ಸೋಂಕಿಗೋ ಎಲುಬಿನ ಸೀಳಿಗೋ ಗುರಿಯಾದ ಕಾಕ್ಲಿಯದೊಳಗೆ ಎಲುಬು ತುಂಬಿಕೊಂಡಿರುವ ಸಂಭವವಿರುವುದರಿಂದ, ಯಾವ ಕಿವಿಯಲ್ಲಿ ಅದನ್ನು ಹೂಡಬೇಕೆಂಬುದನ್ನು ಸ್ಕ್ಯಾನಿನ ಚಿತ್ರಗಳನ್ನು ನೋಡಿಯೇ ನಿಶ್ಚಯಿಸಬೇಕಾಗುತ್ತದೆ.