ಜಲದೂತ ರೈಲು
ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮಿರಜದಿಂದ ಮರಾಠವಾಡದ ಲಾತೂರಿಗೆ 2016ರ ಬರಗಾಲದಲ್ಲಿ ಕುಡಿಯುವ ನೀರು ಸಾಗಿಸಿದ ಟ್ಯಾಂಕರ್ ರೈಲು.

ಹಿನ್ನೆಲೆ: ಲಾತೂರಿಗೆ ನೀರೊದಗಿಸುವ ಮಾಂಜರಾ ಜಲಾಶಯ ಬತ್ತಿದಾಗ ಕೃಷ್ಣಾ ತೀರದ ಮಿರಜವನ್ನು ಆಯ್ದುಕೊಳ್ಳಲಾಯಿತು. 10 ವ್ಯಾಗನ್‌ಗಳ ಮೊದಲ ರೈಲು ಏಪ್ರಿಲ್ 11ರಂದು ಹೊರಟು, ಸುಮಾರು 340 ಕಿ.ಮೀ. ಕ್ರಮಿಸಿ, ಮರುದಿನ ಬೆಳಗಿನ ಜಾವ ಸುಮಾರು 5 ಲಕ್ಷ ಲೀಟರ್ ನೀರು ತಲುಪಿಸಿತು. ಮುಂದೆ 50 ವ್ಯಾಗನ್‌ಗಳ ರೈಲು ಒಂದೇ ಸಲಕ್ಕೆ ಸುಮಾರು 25 ಲಕ್ಷ ಲೀಟರ್ ಒಯ್ದಿತು. ಹಿಂದಿನ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋಗೇಜ್ ಹಳಿ ಬ್ರಾಡ್‌ಗೇಜ್ ಆಗಿದ್ದರಿಂದಲೇ ಇಷ್ಟು ಭಾರದ ಟ್ಯಾಂಕುಗಳು ಈ ದಾರಿಯಲ್ಲಿ ಓಡುವಂತಾಯಿತು.

ಟ್ಯಾಂಕುಗಳ ಬಾಳಿಕೆ: ಎಣ್ಣೆ ಸಾಗಿಸುತ್ತಿದ್ದ ಈ ವ್ಯಾಗನ್‌ಗಳನ್ನು ರಾಜಸ್ಥಾನದ ಕೋಟಾ ಕಾರ್ಯಾಗಾರದಲ್ಲಿ ಹಬೆ ಹಾಯಿಸಿ ತೊಳೆಯಲಾಯಿತು. ಎಣ್ಣೆ ಸಾಗಿಸುವ ಉಕ್ಕಿನ ಟ್ಯಾಂಕಿಗೆ ನೀರು ಬೇರೆಯದೇ ಪರೀಕ್ಷೆ. ಎಣ್ಣೆಯ ಪದರ ಲೋಹವನ್ನು ಕಾಪಾಡುತ್ತದೆ. ಅದನ್ನು ತೊಳೆದು ನೀರು ತುಂಬಿದರೆ ತುಕ್ಕು ಹಿಡಿಯುತ್ತದೆ, ಬೆಸುಗೆಯ ಸಂದುಗಳಲ್ಲಿ ಮತ್ತು ನೀರು ನಿಲ್ಲುವ ತಳದಲ್ಲಿ ಹೆಚ್ಚಾಗಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಅಚ್ಚಿನ ಮೇಲಿನ ತೂಕದ ಮಿತಿಯೊಳಗೇ ತುಂಬಬೇಕು. ಟ್ಯಾಂಕು ಅರೆಬರೆ ತುಂಬಿದ್ದರೆ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗಿ ತುದಿಗೋಡೆಗೂ ಆಧಾರಪಟ್ಟಿಗಳಿಗೂ ಬಡಿಯುತ್ತದೆ.

ಮಹತ್ವ: ಮಳೆ ಬರುವವರೆಗೆ, ಆಗಸ್ಟ್‌ನ ತನಕ, ಈ ರೈಲು ಓಡಿತು. ಒಂದು ನದಿತೀರದ ಊರು ದೂರದ ನಗರದ ಬಾಯಾರಿಕೆ ನೀಗಿಸಿದ ದೊಡ್ಡ ನಿದರ್ಶನವಿದು.