ಐದು ದಿಕ್ಕಿನ ನಾದ, ಎರಡು ಡಬ್ಬದ ದಾಖಲೆ

ಚಿನಕುರಳಿಯಿಂದ ಪಾಂಡವಪುರಕ್ಕೆ ಹೋಗಿ, ಕೆ.ಆರ್. ಪೇಟೆಗೆ ಹೋಗಿ, ನಾಗಮಂಗಲಕ್ಕೆ ಹೋಗಿ; ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರೌಂಡ್ ಸೌಂಡ್ ಕೇಳಿದರೂ ಮೊದಲು ತೋರಿಸುವುದು ವೂಫರನ್ನು. ಎದೆ ಅದುರಬೇಕು, ಕಿಟಕಿ ಗಾಜು ಗಲಗಲ ಅನ್ನಬೇಕು. ಗಿರಾಕಿಯೂ ಅಷ್ಟಕ್ಕೇ ತೃಪ್ತಿಪಟ್ಟು ದುಡ್ಡು ಕೊಡುತ್ತಾನೆ. ನಗರದ ಕಡೆಯಿಂದ ಇನ್ನೊಂದು ಮಾತು ಕೇಳಿಬರುತ್ತಿದೆ: ಡಿಸ್ಕಿನ ಕಾಲ ಮುಗಿಯಿತು, ಫೋನಿಗೆ ಇಯರ್‌ಫೋನ್ ಸಿಕ್ಕಿಸಿದರೆ ಸಾಕು, ಸಂಗೀತ ಸುತ್ತಲೂ ಕೇಳುತ್ತದೆ ಎಂದು. ಎರಡೂ ತಪ್ಪು ತಿಳಿವಳಿಕೆ. ಮನೆಯಲ್ಲಿ ಕುಳಿತು ಐದು ಸ್ಪೀಕರಿನಲ್ಲಿ ಸಂಗೀತವನ್ನು ಸಂಗೀತವಾಗಿಯೇ ಕೇಳುವ ಅಭ್ಯಾಸವೊಂದು ಕಾಲು ಶತಮಾನದಿಂದ ಬೆಳೆದು ಬಂದಿದೆ. ನಮ್ಮ ಸೀಮೆಯಲ್ಲಿ ಅದನ್ನು ಬೆಳೆಸಿದವರು ರಿಪೇರಿ ಮೇಜಿನ ಮುಂದೆ ಕೂತವರು, ಬಡಗಿಗಳು, ಒಂದಿಬ್ಬರು ಮೇಷ್ಟ್ರುಗಳು. ಆ ಮೇಜಿನ ಮುಂದೆಯೇ ಬದುಕು ಕಳೆದವನಾಗಿ ಅದರ ದಾರಿಯನ್ನು ಗುರುತಿಸಿಡುವುದು ನನಗೆ ಅಗತ್ಯವೆನ್ನಿಸಿದೆ.

ಹಳೆಯ ಕಾಲವನ್ನು ಬೇಗ ದಾಟಿಬಿಡೋಣ. ಮೈಸೂರು ಸೀಮೆಯಲ್ಲಿ ಮನೆಯಲ್ಲೇ ಕುಳಿತು ಸಂಗೀತ ಕೇಳಿದವರ ಪೈಕಿ ದೊಡ್ಡ ಹೆಸರು ಜಯಚಾಮರಾಜೇಂದ್ರ ಒಡೆಯರದು. ಸಾವಿರಾರು ಗ್ರಾಮಫೋನ್ ಪ್ಲೇಟು ಕೂಡಿಹಾಕಿದ್ದಷ್ಟೇ ಅಲ್ಲ, ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಲಂಡನ್ನಿನಲ್ಲಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರು. ಒಳ್ಳೆಯ ಸಂಗೀತ ದಾಖಲಾಗಬೇಕಾದರೆ ಯಾರಾದರೂ ಮುಂದೆ ನಿಂತು ದುಡ್ಡು ಹಾಕಬೇಕು ಎಂಬುದನ್ನು ಅರಮನೆ ಅರಿತಿತ್ತು. ಅದಕ್ಕೂ ಮೊದಲು, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದ್ದರು. ಆಕಾಶವಾಣಿ ಎಂಬ ಹೆಸರು ಆ ಮನೆಯದು. ಪ್ಲೇಟು, ರೇಡಿಯೊ ಎರಡೂ ಒಂದೇ ಬಾಯಿಯವು. ಹಾಡುವವರು ಹತ್ತು ಜನವಿದ್ದರೂ ದನಿ ಬರುವುದು ಒಂದೇ ತೂತಿನಿಂದ.

ಕ್ಯಾಸೆಟ್ ಬಂದಮೇಲೆ ಹಳ್ಳಿಮನೆಗೆ ನಿಜವಾದ ಸಂಗೀತದ ಸಂಗ್ರಹ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದದ್ದೇ ತಡ, ಭಾವಗೀತೆ ಟೇಪಿನಲ್ಲಿ ಮನೆಮನೆ ಸೇರಿತು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳನ್ನು ಅದೇ ತಾಲ್ಲೂಕಿನ ಎಷ್ಟೋ ಜನ ಮೊದಲು ಓದಿದ್ದಲ್ಲ, ಟೇಪಿನಲ್ಲಿ ಕೇಳಿದ್ದು. ಕ್ಯಾಸೆಟ್ಟಿನ ಈ ಕಾಲದಲ್ಲೇ ಶಂಕರ್‌ನಾಗ್, ಅನಂತ್‌ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು. ಧ್ವನಿಮುದ್ರಣಕ್ಕೆ ಮದರಾಸಿನ ರೈಲು ಹತ್ತುವುದು ಕಡಿಮೆಯಾಯಿತು. ಕನ್ನಡದ ಧ್ವನಿಮುದ್ರಣದ ಚರಿತ್ರೆ ಬರೆಯುವವರು ಗಾಯಕರಿಗೆ ಕೊಡುವ ಜಾಗದಲ್ಲಿ ಕಾಲುಭಾಗವನ್ನಾದರೂ ಆ ಸ್ಟುಡಿಯೊಗೆ ಕೊಡಬೇಕು.

ನನ್ನ ತಲೆಮಾರು ಕಣ್ಣುಬಿಟ್ಟದ್ದು 4440 ಐಸಿಯ ಕಾಲದಲ್ಲಿ. ಸ್ಯಾನ್ಯೊ ಕಂಪನಿಯ ಆ ಬಿಲ್ಲೆ ಎಡಬಲಕ್ಕೆ ತಲಾ 6 ವಾಟ್ ಕೊಡುತ್ತಿತ್ತು, ಎರಡನ್ನೂ ಬ್ರಿಡ್ಜ್ ಪದ್ಧತಿಯಲ್ಲಿ ಒಂದೇ ಸ್ಪೀಕರಿಗೆ ಜೋಡಿಸಿದರೆ 19 ವಾಟ್. ಟ್ರ್ಯಾಕ್ಟರ್ ಬ್ಯಾಟರಿಯಿಂದಲೇ ಓಡುತ್ತಿತ್ತು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಊರುಗಳಿಗೆ ಅದೇ ದೊಡ್ಡ ವರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೋರ್ಡು, ಟ್ರಾನ್ಸ್‌ಫಾರ್ಮರು ತರುವುದು, ಊರ ಬಡಗಿಯ ಹತ್ತಿರ ಪ್ಲೈವುಡ್ ಬಾಕ್ಸು ಮಾಡಿಸುವುದು, ದುಡ್ಡಿಲ್ಲದಿದ್ದರೆ ಮಡಕೆಯ ಬಾಯಿಗೆ ಸ್ಪೀಕರು ಕೂರಿಸುವುದು ನಮ್ಮ ವಿದ್ಯಾಭ್ಯಾಸ. ಮಡಕೆಯನ್ನು ಕಂಡು ನಗುವವರಿದ್ದಾರೆ. ಆದರೆ ದುಂಡಗಿನ, ಗಟ್ಟಿ ಗೋಡೆಯ ಪಾತ್ರೆ ತೆಳು ಪ್ಲೈವುಡ್ಡಿನ ಹಾಗೆ ತಾನೇ ನಡುಗಿ ದನಿ ಸೇರಿಸುವುದಿಲ್ಲ. ಇಂಗ್ಲಿಷ್ ಪುಸ್ತಕ ಓದದೆಯೇ ನಮ್ಮ ಹುಡುಗರು ಅದನ್ನು ಕಿವಿಯಿಂದ ಕಂಡುಕೊಂಡಿದ್ದರು. ಅದೇ ಹುಡುಗರು ಆಮೇಲೆ 5.1 ಬೋರ್ಡು ಜೋಡಿಸಿದರು. ಅದು ಎಡ, ಬಲ ಎಂಬ ಎರಡು ದಾರಿಯ (ಚಾನೆಲ್) ಹಾಡನ್ನೇ ಹಂಚಿ ಐದು ಡಬ್ಬಕ್ಕೆ ಕಳಿಸುವಂಥದ್ದು. ಹಿಂದಿನ ಸ್ಪೀಕರಿನಲ್ಲಿ ಬೇರೆಯ ದನಿ ಏನೂ ಇರಲಿಲ್ಲ. ‘ಸರೌಂಡ್’ ಬಗೆಗಿನ ತಪ್ಪು ತಿಳಿವಳಿಕೆ ಬೇರೂರಿದ್ದು ಇಲ್ಲಿಂದ.

ನಿಜವಾಗಿ ಐದು ಬೇರೆ ಬೇರೆ ದಾರಿಗಳನ್ನು ಹೊತ್ತ ಸಂಗೀತದ ಡಿಸ್ಕು ಬಂದದ್ದು ಈ ಶತಮಾನದ ಹೊಸ್ತಿಲಲ್ಲಿ. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೂಪರ್ ಆಡಿಯೊ ಸಿಡಿ ತಂದವು. ಸಾಮಾನ್ಯ ಸಿಡಿ ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದು 16 ಬಿಟ್‌ನಲ್ಲಿ ಬರೆದಿಡುತ್ತದೆ. ಸೂಪರ್ ಆಡಿಯೊ ಸಿಡಿಯ ಪದ್ಧತಿಯೇ ಬೇರೆ: ಒಂದೇ ಬಿಟ್, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಮೇಲೆ. 2000ದಲ್ಲಿ ಅದರ ಎದುರಾಳಿಯಾಗಿ ಡಿವಿಡಿ-ಆಡಿಯೊ ಬಂತು. ಅದು ವೂಫರಿನದೂ ಸೇರಿ ಆರು ದಾರಿಗೂ 24 ಬಿಟ್, 96,000 ಅಳತೆ ಕೊಡಬಲ್ಲದು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1 ಕೋಟಿ 38 ಲಕ್ಷ ಬಿಟ್ ಆಗುತ್ತದೆ. ಆ ಡಿಸ್ಕಿನ ಮಿತಿಯೋ 96 ಲಕ್ಷ. ಹಾಗಾಗಿ ಒಂದು ಬಿಟ್ಟೂ ಕಳೆಯದೆ ಮಡಚಿಡುವ ಮೆರಿಡಿಯನ್ ಕಂಪನಿಯ ವಿಧಾನವನ್ನು ಅದರಲ್ಲಿ ಬಳಸಿದರು. ಇವೆರಡರ ಜಗಳದಲ್ಲಿ ಅಂಗಡಿಯವರು ಎರಡಕ್ಕೂ ಬೆನ್ನು ತಿರುಗಿಸಿದರು. ಪಾಶ್ಚಾತ್ಯ ಪತ್ರಿಕೆಗಳು ಇದನ್ನೇ ಸೋಲೆಂದು ಬರೆದವು. ಯಾರು ಎಷ್ಟು ಮಾರಿದರು ಎಂಬುದರಿಂದ ಒಂದು ಕಲೆಯ ಗುಣವನ್ನು ಅಳೆಯುವ ಬರಹ ಅದು.

ನಮ್ಮೂರಿಗೆ ಈ ಡಿಸ್ಕು, ಪ್ಲೇಯರು ಅಂಗಡಿಯಿಂದ ಬರಲಿಲ್ಲ, ಅಮೆರಿಕದಿಂದ ರಜೆಗೆ ಬರುವ ನಂಟರ ಸೂಟ್‌ಕೇಸಿನಲ್ಲಿ ಬಂದವು. ಅಲ್ಲಿಯ ಕರೆಂಟು 120 ವೋಲ್ಟ್, ಇಲ್ಲಿಯದು 230. ನೇರ ಸಿಕ್ಕಿಸಿ ಸುಟ್ಟುಕೊಂಡವರು ನನ್ನ ಮೇಜಿಗೆ ಬರುತ್ತಿದ್ದರು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ಮುಂದೆ ಸ್ಟೆಬಿಲೈಸರ್ ಇಟ್ಟು, ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳು ಓಡದ ಹೊತ್ತು ನೋಡಿಕೊಂಡು ಕೇಳಬೇಕಿತ್ತು. ಡಿಸ್ಕು ನಕಲಾದೀತೆಂಬ ಭಯದಿಂದ ಕಂಪನಿಗಳು ಪೂರ್ಣ ಗುಣದ ದನಿಯನ್ನು ಡಿಜಿಟಲ್ ತಂತಿಯಲ್ಲಿ ಹೊರಗೆ ಬಿಡುತ್ತಿರಲಿಲ್ಲ. ಆರು ಬೇರೆ ತಂತಿ ಎಳೆಯಬೇಕು: ಮುಂದೆ ಎಡ ಬಲ, ನಡು, ಹಿಂದೆ ಎಡ ಬಲ, ವೂಫರ್. ಒಂದು ತಂತಿ ಅದಲುಬದಲಾದರೂ ಪಿಟೀಲು ಗಾಯಕನ ಬೆನ್ನ ಹಿಂದೆ ಹೋಗಿ ಕೂರುತ್ತದೆ. 2005ರ ಎಚ್‌ಡಿಎಂಐ 1.2 ಬಂದಮೇಲೆ ಒಂದೇ ತಂತಿ ಸಾಕಾಯಿತು.

ಈ ಡಿಸ್ಕುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಡಿಸ್ಕಿನದಲ್ಲ. ಹೈಬ್ರಿಡ್ ಸೂಪರ್ ಆಡಿಯೊ ಸಿಡಿಯಲ್ಲಿ ಎರಡು ಪದರ ಇರುತ್ತವೆ. ಸಿಡಿಯ ಪದರವನ್ನು 780 ನ್ಯಾನೊಮೀಟರ್ ಲೇಸರ್ ಓದುತ್ತದೆ, ಮೇಲ್ದರ್ಜೆಯ ಪದರವನ್ನು 650ರದು. ಆಲೆಮನೆ, ಗಾಡಿರಸ್ತೆಗಳ ಧೂಳಿನಲ್ಲಿ ಎರಡನೆಯದರ ಶಕ್ತಿ ಮೊದಲು ಕುಂದಿದರೆ ಪ್ಲೇಯರ್ ಸದ್ದಿಲ್ಲದೆ ಸಿಡಿ ಪದರಕ್ಕೆ ಜಾರುತ್ತದೆ. ಹಾಡು ನಿಲ್ಲುವುದಿಲ್ಲ, ಕೇಳುವವನು ಸರೌಂಡೇ ಬರುತ್ತಿದೆ ಅಂದುಕೊಂಡು ‘ಇದರಲ್ಲಿ ಏನೂ ವಿಶೇಷವಿಲ್ಲ’ ಎಂದು ತೀರ್ಪು ಕೊಡುತ್ತಾನೆ. ಅಂಥ ತೀರ್ಪುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಪ್ಲೇಯರಿನ ಮುಖದ ಮೇಲೆ ಯಾವ ಪದರ ಓಡುತ್ತಿದೆ ಎಂದು ಬರೆದಿರುತ್ತದೆ, ನೋಡುವವರಿಲ್ಲ.

ಇನ್ನು ಕೋಣೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಐದೂ ಸ್ಪೀಕರು ಕೇಳುಗನಿಂದ ಸಮದೂರದ ಒಂದು ವೃತ್ತದ ಮೇಲಿರಬೇಕು: ನಡುವಿನದು ನೇರ ಎದುರಿಗೆ, ಎಡಬಲದವು 30 ಡಿಗ್ರಿಯಲ್ಲಿ, ಹಿಂದಿನವು 100ರಿಂದ 120 ಡಿಗ್ರಿಯ ನಡುವೆ. ಜಗಲಿಗೆ ಅಂಟಿದ ಉದ್ದನೆಯ ನಡುಮನೆಯಲ್ಲಿ ಇದು ಆಗುವ ಮಾತಲ್ಲ. ಆಗ ಟೇಪು ಹಿಡಿದು ದೂರ ಅಳೆದು ಆಂಪ್ಲಿಫೈಯರಿಗೆ ಹೇಳಬೇಕು. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಿಂದಿನ ಸ್ಪೀಕರು ಒಂದೂವರೆ ಮೀಟರ್ ಹತ್ತಿರವಿದ್ದರೆ ಅದರ ದನಿ 4 ಮಿಲಿಸೆಕೆಂಡಿಗೂ ಮೊದಲೇ ಬಂದು ಹಾಡನ್ನು ಹಿಂದಕ್ಕೆ ಎಳೆದುಬಿಡುತ್ತದೆ. ತೊಟ್ಟಿಮನೆಯ ನಾಡಹೆಂಚು, ಮರದ ತೊಲೆ ದನಿಯನ್ನು ಚೆದುರಿಸಿ ಹದಕ್ಕೆ ತರುತ್ತಿದ್ದವು. ಈಗಿನ ಆರ್‌ಸಿಸಿ ಮನೆಯ ನುಣುಪು ಗೋಡೆ, ಟೈಲ್ಸ್ ನೆಲ ಪ್ರತಿ ಸ್ವರವನ್ನೂ ವಾಪಸು ಎಸೆಯುತ್ತವೆ. ದುಬಾರಿ ಫೋಮ್ ತರುವ ಮೊದಲು ತೆಂಗಿನನಾರಿನ ಚಾಪೆ, ಹತ್ತಿ ಹಾಸಿಗೆ, ತುಂಬಿದ ಪುಸ್ತಕದ ಕಪಾಟು ಇಟ್ಟು ನೋಡಿ. ನನ್ನ ಗೆಳೆಯರ ಬಳಗದ ಪಂಥ ಇದು, ಇದರ ಪರವಾಗಿ ನಾನು ಹೆಚ್ಚು ಮಾತಾಡುತ್ತೇನೆ ಎಂದು ಯಾರಾದರೂ ಅಂದರೆ ಹೌದು. ದುಡ್ಡು ಮೊದಲು ಕೋಣೆಗೆ, ಆಮೇಲೆ ಸ್ಪೀಕರಿಗೆ, ಕೊನೆಗೆ ತಂತಿಗೆ.

ಹೀಗೆ ಹದಮಾಡಿದ ಕೋಣೆಯಲ್ಲಿ ನಾವು ಕೇಳಿದ್ದೇನು? ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’ 2003ರಲ್ಲಿ ಸರೌಂಡ್ ಡಿಸ್ಕಾಗಿ ಬಂತು. ಆರ್‌ಸಿಎ ಕಂಪನಿ 1950ರ ದಶಕದಲ್ಲಿ ಮೂರು ದಾರಿಯಲ್ಲಿ ಮುದ್ರಿಸಿಟ್ಟ ಸಿಂಫನಿಗಳು ಅರ್ಧ ಶತಮಾನದ ಮೇಲೆ ಮೂರು ಸ್ಪೀಕರಿನಲ್ಲಿಯೇ ಹೊರಬಂದವು. ಫಿಲಿಪ್ಸ್ 1970ರ ದಶಕದಲ್ಲಿ ನಾಲ್ಕು ದಾರಿಯಲ್ಲಿ ಮುದ್ರಿಸಿಟ್ಟಿದ್ದನ್ನು ಪೆಂಟಾಟೋನ್ ಸಂಸ್ಥೆ ಮತ್ತೆ ಕೊಟ್ಟಿತು. ಇವನ್ನು ಹೀಗೆ ಕೇಳಿಸುವ ಡಿಸ್ಕು ಜನರ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ಅವರು ಮುದ್ರಿಸಿಟ್ಟಿದ್ದರು. ನನಗೆ ಆ ಸಂಗೀತಕ್ಕಿಂತ ಈ ಮುಂದಾಲೋಚನೆಯೇ ದೊಡ್ಡದಾಗಿ ಕಂಡಿದೆ. ಡಿವಿಡಿ-ಆಡಿಯೊ ಹಿಂದೆ ಸರಿದಮೇಲೆ ನಾರ್ವೆಯ 2ಎಲ್‌ನಂಥ ಸಣ್ಣ ಸಂಸ್ಥೆಗಳು ಬರೀ ಸಂಗೀತದ ಬ್ಲೂ-ರೇ ಡಿಸ್ಕನ್ನು ಹಿಡಿದುಕೊಂಡವು. 2018ರಲ್ಲಿ ಎಲ್ಲ ಬಗೆಯ ಡಿಸ್ಕನ್ನೂ ಓಡಿಸುತ್ತಿದ್ದ ಒಪ್ಪೊ ಕಂಪನಿ ಪ್ಲೇಯರ್ ತಯಾರಿಕೆ ನಿಲ್ಲಿಸಿತು. ಇಟ್ಟುಕೊಂಡವರು ಈಗ ಅದನ್ನು ಯಾರಿಗೂ ಎರವಲು ಕೊಡುವುದಿಲ್ಲ.

ಫೋನಿನಲ್ಲಿ ಕೇಳುವ ಅಟ್ಮಾಸ್ ಎಂಬ ಸರೌಂಡ್ ವಿಧಾನ 2021ರಿಂದ ಎಲ್ಲರ ಬಾಯಲ್ಲಿದೆ. ಅದರಿಂದ ಸರೌಂಡಿಗೆ ಮುದ್ರಿಸುವ ಆಸೆ ಮತ್ತೆ ಚಿಗುರಿದ್ದು ಒಳ್ಳೆಯದೇ. ಆದರೆ ಅಂತರ್ಜಾಲದಲ್ಲಿ ಹರಿಯುವ ಅಟ್ಮಾಸ್ ಎಲ್ಲ ದಾರಿಗಳನ್ನೂ ಸೆಕೆಂಡಿಗೆ 768 ಸಾವಿರ ಬಿಟ್‌ನೊಳಗೆ ಹಿಂಡುತ್ತದೆ. ಎರಡೇ ದಾರಿಯ ಹಳೆಯ ಸಿಡಿಯೂ 1,411 ಸಾವಿರ ಕೊಡುತ್ತಿತ್ತು. ಅದೇ ಅಟ್ಮಾಸ್ ಬ್ಲೂ-ರೇ ಡಿಸ್ಕಿನಲ್ಲಿ ಬಂದರೆ ಒಂದು ಬಿಟ್ಟೂ ಕಳೆಯದೆ ಬರುತ್ತದೆ. ಡಿಸ್ಕನ್ನು ಹಳೆಯ ವಸ್ತುವಿನ ಮೋಹ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಕನ್ನಡ ನೆಲಕ್ಕೆ ಈ ವಿದ್ಯೆ ಬಾರದು ಅನ್ನುವಂತಿಲ್ಲ. ಬೆಂಗಳೂರಿನ ಸಂಗೀತಕಾರ ರಿಕಿ ಕೇಜ್, ಡ್ರಮ್ ವಾದಕ ಸ್ಟುವರ್ಟ್ ಕೋಪ್ಲೆಂಡ್ ಜೊತೆ ಮಾಡಿದ ‘ಡಿವೈನ್ ಟೈಡ್ಸ್’ 2023ರಲ್ಲಿ ಸರೌಂಡ್ ಧ್ವನಿಮುದ್ರಣಕ್ಕೇ ಮೀಸಲಾದ ಗ್ರ್ಯಾಮಿ ಪಡೆಯಿತು. ಆ ವಾರ ಪತ್ರಿಕೆಗಳಲ್ಲಿ ಪ್ರಶಸ್ತಿಯ ಸುದ್ದಿ ದೊಡ್ಡದಾಗಿ ಬಂತು, ಯಾವ ವಿಭಾಗದ್ದು ಎಂಬುದನ್ನು ಬಿಡಿಸಿ ಹೇಳಿದವರು ವಿರಳ.

ಹಾಗಿದ್ದೂ ನನ್ನ ಕಪಾಟಿನಲ್ಲಿ ನಮ್ಮ ಸೀಮೆಯ ದನಿಯ ಒಂದೇ ಒಂದು ಸರೌಂಡ್ ಡಿಸ್ಕೂ ಇಲ್ಲ. ನಮ್ಮ ಸಂಗೀತ ಎರಡು ಡಬ್ಬಕ್ಕೆ ಹೊಂದುವಂಥದ್ದೇ ಆಗಿದ್ದರೆ ಇದು ದೊಡ್ಡ ಕೊರತೆಯಾಗುತ್ತಿರಲಿಲ್ಲ. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಉತ್ಸವ ಹೊರಟರೆ ದೇವರ ಮುಂದೆ ತಮಿಳು ಪ್ರಬಂಧದ ಗೋಷ್ಠಿ, ಹಿಂದೆ ವೇದ ಪಾರಾಯಣ, ಜೊತೆಗೆ ನಾಗಸ್ವರ. ಬೀದಿಯಲ್ಲಿ ನಿಂತವನಿಗೆ ಒಂದು ದನಿ ದಾಟಿ ಹೋಗಿ ಇನ್ನೊಂದು ಬಂದು ಮುಟ್ಟುತ್ತದೆ. ಸೋಬಾನೆಯಲ್ಲಿ ಒಂದು ಗುಂಪಿನ ಹೆಂಗಸರು ಎತ್ತಿಕೊಟ್ಟ ಸೊಲ್ಲನ್ನು ಎದುರು ಗುಂಪು ಹಿಡಿಯುತ್ತದೆ, ಮದುಮಕ್ಕಳು ಕೂರುವುದು ಎರಡರ ನಡುವೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ, ಗಗ್ಗರದ ಸುತ್ತ ಹಿಮ್ಮೇಳದವರು ಕಟ್ಟುವ ದನಿಗೂ ಎದುರು ಬೆನ್ನು ಎಂಬುದಿದೆ. ಇವನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿದಾಗ ಸೊಲ್ಲು ಉಳಿಯಿತು, ಯಾರು ಎಲ್ಲಿ ನಿಂತು ಹಾಡಿದರು ಎಂಬುದು ಅಳಿಸಿಹೋಯಿತು. ಸ್ಟುಡಿಯೊದಲ್ಲಿ ಕೀಬೋರ್ಡು, ರಿದಮ್ ಪ್ಯಾಡು ಸೇರಿಸಿ ಮಾರಿದ ‘ಜಾನಪದ’ದಲ್ಲಿ ಸೊಲ್ಲೂ ಪೂರ್ತಿ ಉಳಿಯಲಿಲ್ಲ.

ಇಲ್ಲಿ ನಾಗಮಂಗಲ ತಾಲ್ಲೂಕಿನಿಂದಲೇ ಬಂದ ಎಚ್.ಎಲ್. ನಾಗೇಗೌಡರನ್ನು ನೆನೆಯಬೇಕು. ಟೇಪ್‌ರೆಕಾರ್ಡರ್ ಹೊತ್ತು ಹಾಡುಗಾರರ ಬಳಿಗೇ ಹೋಗುವ ರೂಢಿ ಬೆಳೆಸಿ, ಆ ಸಂಗ್ರಹಕ್ಕೆ ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಅವರ ಕಾಲಕ್ಕೆ ಕೈಗೆ ಸಿಕ್ಕ ಯಂತ್ರ ಅದು, ಅದರಿಂದ ಆಗಬಹುದಾದಷ್ಟನ್ನೂ ಮಾಡಿದರು. ಅವರ ನಂತರ ನಮ್ಮ ವಿಶ್ವವಿದ್ಯಾಲಯ, ಅಕಾಡೆಮಿಗಳಿಗೆ ಬೇರೆ ಯಂತ್ರ ಸಿಕ್ಕಿದೆ. ಐದು ಮೈಕು, 24 ಬಿಟ್‌ನ ಒಂದು ರೆಕಾರ್ಡರು, ಎರಡು ಬ್ಯಾಟರಿ ಒಂದು ಜೀಪಿನ ಹಿಂದಿನ ಸೀಟಿನಲ್ಲಿ ಹಿಡಿಯುತ್ತವೆ. ವೂಫರಿನದೂ ಸೇರಿ ಆರು ದಾರಿ, 96,000 ಅಳತೆಯಲ್ಲಿ ಒಂದು ಗಂಟೆಯ ಹಾಡಿಗೆ ಬೇಕಾಗುವುದು ಸುಮಾರು 6.2 ಜಿಬಿ. ಎರಡು ಪದರದ ಬ್ಲೂ-ರೇ ಡಿಸ್ಕಿನಲ್ಲಿ 50 ಜಿಬಿ ಜಾಗವಿದೆ. ಎಂಟು ಗಂಟೆ, ಏನನ್ನೂ ಹಿಂಡದೆ. ರಾತ್ರಿ ಊಟವಾದ ಮೇಲೆ ನೀಲಗಾರರು ಎತ್ತಿಕೊಂಡ ಕಾವ್ಯವನ್ನು ಕೋಳಿ ಕೂಗುವವರೆಗೂ ಒಂದೇ ಡಿಸ್ಕಿಗೆ ಇಳಿಸಬಹುದು. ಅದನ್ನು ಓಡಿಸಲು ಬೇಕಾದ ಪ್ಲೇಯರು, ಸ್ಪೀಕರು, ಹದಮಾಡಿದ ಕೋಣೆ ಪಾಂಡವಪುರ ತಾಲ್ಲೂಕಿನಲ್ಲಿ ಈಗಾಗಲೇ ಇವೆ.