ನಿಮ್ಮೂರು ಯಾವುದು?

2023ರ ಬೇಸಿಗೆಯಲ್ಲಿ ಆರು ವಾರ ನಾನು ಲಂಡನ್ನಿನ ರಸ್ತೆಗಳಲ್ಲಿ ಮಲಗುವವರನ್ನು ಹುಡುಕುವ ಕೆಲಸ ಮಾಡಿದೆ. ಅಲ್ಲಿ ಎಂ.ಎ. ಓದುತ್ತಿದ್ದೆ. ರಜೆಯಲ್ಲಿ ಮನೆಯಿಲ್ಲದವರಿಗಾಗಿ ಇರುವ ಒಂದು ಸಣ್ಣ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಫೋನಿನಲ್ಲಿ ವಿಷಯ ಹೇಳಿದರೆ ಚಿತ್ತಾಪುರದಲ್ಲಿದ್ದ ಅಜ್ಜಿಗೆ ನಗು. "ಅಲ್ಲಿನೂ ಮಂದಿ ರಸ್ತೆ ಮ್ಯಾಲ ಮಲಗ್ತಾರೇನೋ? ಅದ್ನ ನೋಡ್ಲಾಕ ಅಷ್ಟು ದೂರ ಯಾಕ ಹೋದಿ? ವಾಡಿ ಟೇಷನ್ನಿಗಿ ಹೋಗಿದ್ರ ಆಗ್ತಿತ್ತು."

ಅಲ್ಲೂ ಮಲಗುತ್ತಾರೆ. ಆ ವರ್ಷದ ಲೆಕ್ಕದ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ ಲಂಡನ್ನಿನ ಬೀದಿಯಲ್ಲಿ ಮಲಗಿದ್ದು ಕಂಡವರು 10,053 ಜನ. "ಕಂಡವರು" ಅನ್ನೋ ಮಾತು ಮುಖ್ಯ. ಸಂಸ್ಥೆಯ ಸಿಬ್ಬಂದಿ ಖುದ್ದಾಗಿ ಹೋಗಿ, ಮನುಷ್ಯ ಹಾಸಿಕೊಂಡು ಮಲಗಿದ್ದನ್ನೋ ಮಲಗಲು ತಯಾರಾಗಿದ್ದನ್ನೋ ನೋಡಿದರೆ ಮಾತ್ರ ಹೆಸರು ದಾಖಲೆಗೆ ಏರುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಸುತ್ತಿ ಹೊತ್ತು ಕಳೆಯುವವನು, ಗೆಳೆಯನ ಸೋಫಾ ಮೇಲೆ ಮಲಗುವವನು ಈ ಪಟ್ಟಿಯಲ್ಲಿಲ್ಲ.

ಹೆಸರು ಏರಿದ ಮೇಲೆ ನಾವು ಬಹಳ ಬೇಗ ಕೇಳುತ್ತಿದ್ದ ಪ್ರಶ್ನೆ ನನಗೆ ಹುಟ್ಟಿನಿಂದ ಗೊತ್ತಿದ್ದದ್ದು. ನಿಮ್ಮೂರು ಯಾವುದು?

ನಮ್ಮ ಕಡೆ ರೈಲಿನಲ್ಲಿ ಎದುರು ಸೀಟಿನವರು ಇದನ್ನು ಕೇಳುವುದು ಬುತ್ತಿಯ ರೊಟ್ಟಿ ಹಂಚಿಕೊಳ್ಳುವ ಮುಂಚೆ. ಲಂಡನ್ನಿನಲ್ಲಿ ಅದು ಫಾರ್ಮಿನ ಒಂದು ಕಾಲಂ, ಹೆಸರು 'ಲೋಕಲ್ ಕನೆಕ್ಷನ್'. ಈ ಬಡಾವಣೆಯ ಆಡಳಿತದಿಂದ ಮನೆ ಕೇಳಬೇಕಾದರೆ ನಿನಗೆ ಇಲ್ಲಿ ಸಂಬಂಧ ಇರಬೇಕು. ಸಾಮಾನ್ಯವಾಗಿ ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು, ಇಲ್ಲವೇ ಐದು ವರ್ಷದಲ್ಲಿ ಮೂರು ವರ್ಷ ಇಲ್ಲಿ ವಾಸ. ಅಥವಾ ಇಲ್ಲೇ ಕೆಲಸ, ಹತ್ತಿರದ ನೆಂಟರು. ಇಲ್ಲದಿದ್ದರೆ ಸಂಬಂಧ ಇರುವ ಊರಿನ ಕಡೆಗೆ ಅರ್ಜಿ ತಿರುಗುತ್ತದೆ.

ಈ ಪ್ರಶ್ನೆಗೆ ದೊಡ್ಡ ಚರಿತ್ರೆ ಇದೆ. 1662ರ ಇಂಗ್ಲೆಂಡಿನ ಕಾಯ್ದೆಯ ಪ್ರಕಾರ, ಬಡವನೊಬ್ಬ ಹೊಸ ಊರಿಗೆ ಬಂದರೆ 40 ದಿನದೊಳಗೆ ಅವನನ್ನು ಹಳೆಯ ಊರಿಗೆ ಹಿಂದಕ್ಕೆ ಅಟ್ಟಬಹುದಿತ್ತು. ನಾಳೆ ಅವನ ಖರ್ಚು ನಮ್ಮ ತಲೆ ಮೇಲೆ ಬಿದ್ದರೆ ಅನ್ನೋ ಭಯ. ನೆಪೋಲಿಯನ್ ಯುದ್ಧ ಮುಗಿಸಿ ಬಂದ ಸೈನಿಕರು ಬೀದಿಪಾಲಾದ ಕಾಲದಲ್ಲಿ, 1824ರಲ್ಲಿ, ಹೊರಗೆ ಮಲಗುವುದನ್ನೇ ಅಪರಾಧ ಮಾಡಿದರು. ಅದನ್ನು ರದ್ದು ಮಾಡಲು 2022ರಲ್ಲಿ ಸಂಸತ್ತು ಒಪ್ಪಿತ್ತು, ಆದರೆ ನಾನು ಇದ್ದಾಗಲೂ ಆ ಕಾಯ್ದೆ ಜಾರಿಯಲ್ಲೇ ಇತ್ತು. ನಡುವೆ ಒಳ್ಳೆಯದೂ ಆಯಿತು. 1966ರ ನವೆಂಬರಿನಲ್ಲಿ ಬಿಬಿಸಿ 'ಕ್ಯಾಥಿ ಕಮ್ ಹೋಮ್' ಎಂಬ ನಾಟಕ ತೋರಿಸಿತು. ಮನೆ ಕಳೆದುಕೊಂಡು ಮಕ್ಕಳನ್ನೂ ಕಳೆದುಕೊಳ್ಳುವ ತಾಯಿಯ ಕತೆ. ದೇಶವೇ ತಲ್ಲಣಿಸಿತು. 1977ರಲ್ಲಿ ಮಕ್ಕಳಿರುವ ಕುಟುಂಬ, ಬಸುರಿಯರು, ಅಶಕ್ತರಿಗೆ ಸೂರು ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಅಂತ ಕಾನೂನೇ ಬಂತು. ನಮ್ಮಲ್ಲಿ ಇವತ್ತಿಗೂ ಅಂಥದ್ದಿಲ್ಲ. ಆದರೆ 'ನಿಮ್ಮೂರು ಯಾವುದು' ಅನ್ನೋದು ಆ ಕಾನೂನಿನ ಒಳಗೂ ನುಸುಳಿಕೊಂಡಿತ್ತು.

ಒಂದು ರಾತ್ರಿ ಬಸ್ ಸ್ಟಾಪಿನಲ್ಲಿ ಪಂಜಾಬಿನ ಒಬ್ಬ ಹಿರಿಯರು ಸಿಕ್ಕರು. ಮಲಗಿರಲಿಲ್ಲ, ಕೂತಿದ್ದರು. ನನ್ನ ಗುಲ್ಬರ್ಗಾ ಹಿಂದಿ ಕೇಳಿ ನಕ್ಕು ಅವರೇ ಮೊದಲು ಕೇಳಿದರು, ಯಾವೂರು ಮಗಾ ಅಂತ. ನಾನು ತಿರುಗಿ ಕೇಳಿದೆ, ಆದರೆ ಫಾರ್ಮಿಗಾಗಿ. ಅವರ ಮುಖ ಮುಚ್ಚಿಕೊಂಡಿತು. ಕಾಗದ ಪತ್ರದ ಗೋಳು ಇತ್ತು ಅಂತ ಆಮೇಲೆ ತಿಳಿಯಿತು. ವೀಸಾದ ಮೇಲೆ 'ಸರ್ಕಾರಿ ನೆರವಿಗೆ ಹಕ್ಕಿಲ್ಲ' ಎಂದಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಆ ಸಾಲು ನನ್ನ ಕಾರ್ಡಿನ ಮೇಲೂ ಇತ್ತು. ಎರಡು ತಿಂಗಳ ಬಾಡಿಗೆ ತಪ್ಪಿದರೆ ನಾನೂ ಅವರೂ ಒಂದೇ ಬೆಂಚಿನವರು.

ಅಜ್ಜಿ ವಾಡಿಯ ಹೆಸರು ತೆಗೆದದ್ದು ಸುಮ್ಮನೆ ಅಲ್ಲ. ಬಾಂಬೆಯಿಂದ ರಾಯಚೂರಿಗೆ ರೈಲು ಹಳಿ ಮುಟ್ಟಿದ್ದು 1871ರಲ್ಲಿ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಹೈದರಾಬಾದಿಗೆ ನಿಜಾಮರ ರೈಲು ಹೊರಟಿತು. ಅಲ್ಲಿಯವರೆಗೆ ದಖ್ಖನ್ನಿನ ಉಪ್ಪು, ಧಾನ್ಯ ಸಾಗಿಸುತ್ತಿದ್ದವರು ಲಂಬಾಣಿಗಳು, ಎತ್ತಿನ ಮೇಲೆ ಹೇರು ಹೊರಿಸಿಕೊಂಡು. ಮೊಗಲರ ಸೈನ್ಯಕ್ಕೂ ಕಾಳು ಒದಗಿಸಿದವರು ಅವರೇ. ರೈಲು ಬಂತು, ಹೇರು ನಿಂತಿತು. ಎತ್ತು ಬಿಚ್ಚಿದ ಗುಡ್ಡದ ಓರೆಯಲ್ಲಿ ತಾಂಡಾಗಳು ನೆಲೆ ನಿಂತವು. ಚಿಂಚೋಳಿ, ಸೇಡಂ, ಚಿತ್ತಾಪುರದ ತುಂಬ ಇವತ್ತೂ ಇವೆ.

ಅದೇ ರೈಲು ನಮ್ಮ ಕಲ್ಲನ್ನೂ ಒಯ್ದಿತು. ಮಹಾರಾಷ್ಟ್ರದವರು ಮನೆಯ ನೆಲಕ್ಕೆ ಹಾಸುವ ಕಲ್ಲಿಗೆ 'ಶಹಾಬಾದಿ ಫರ್ಶಿ' ಅಂತಲೇ ಅನ್ನುತ್ತಾರೆ. ಕಲ್ಲಿನ ಹಿಂದೆ ಮಂದಿ ಹೋದರು. 1972ರ ಬರದ ಮೇಲಂತೂ ಗುಳೆ ಹೋಗೋದು ಬಿತ್ತನೆ, ಕೊಯ್ಲಿನ ಹಾಗೆ ವರ್ಷದ ಒಂದು ಕೆಲಸವೇ ಆಯಿತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ತಾಂಡಾದ ಹುಡುಗ ಅಜ್ಜಿ ಜೊತೆ ಇರುತ್ತಿದ್ದ. ಅಪ್ಪ ಅವ್ವ ಎಲ್ಲಿ ಅಂದರೆ "ಬೊಂಬೈದಾಗ". ಬೊಂಬಾಯಿಯಲ್ಲಿ ಎಲ್ಲಿ ಅಂತ ನಾನು ಕೇಳಿದ್ದೇ ಇಲ್ಲ.

ಎಲ್ಲಿ ಅಂತ ಗೊತ್ತಾಗಿದ್ದು ಲಂಡನ್ನಿನ ಲೈಬ್ರರಿಯಲ್ಲಿ, ಇಂಟರ್ನ್‌ಶಿಪ್ ವರದಿ ಬರೆಯೋಕೆ ಓಲ್ಗಾ ಟೆಲ್ಲಿಸ್ ಪ್ರಕರಣದ ತೀರ್ಪು ಓದುವಾಗ. 1981ರ ಜುಲೈ 13ರಂದು ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಒಂದು ಘೋಷಣೆ ಮಾಡಿದರು. ಬಾಂಬೆಯ ಫುಟ್‌ಪಾತ್ ವಾಸಿಗಳನ್ನೆಲ್ಲ ಎತ್ತಂಗಡಿ ಮಾಡಿ ಅವರವರ ಊರಿಗೆ ಕಳಿಸುತ್ತೇವೆ ಅಂತ. ಮಳೆಗಾಲ ಬೇರೆ. ಅರ್ಜಿದಾರರಲ್ಲಿ ಒಬ್ಬ ಸೇಲಂ ಕಡೆಯ ಕೂಲಿ. ಭೂಮಿ ಇಲ್ಲ, ಬರ ಬಿದ್ದು ಕೆಲಸವೂ ಇಲ್ಲದೆ 1961ರಲ್ಲಿ ಬಾಂಬೆಗೆ ಬಂದವನು. ಹೆದ್ದಾರಿ ಪಕ್ಕದ ಪ್ಲಾಸ್ಟಿಕ್ ಗುಡಿಸಲಿಗೆ ಅಲ್ಲಿಯ ದಾದಾನಿಗೆ 2,500 ರೂಪಾಯಿ ಕೊಟ್ಟಿದ್ದ. ಗುಡಿಸಲು ಕೆಡವಿ, ಹೆಂಡತಿ ಮಕ್ಕಳ ಸಮೇತ ಸೇಲಂ ಬಸ್ಸು ಹತ್ತಿಸಿದರು. ಅವರನ್ನು ಊರಲ್ಲೇ ಬಿಟ್ಟು ಅವನೊಬ್ಬ ವಾಪಸ್ ಬಂದು ಮತ್ತೆ ಫುಟ್‌ಪಾತ್ ಸೇರಿದ. ಊರಲ್ಲಿ ದುಡಿಮೆ ಇದ್ದಿದ್ದರೆ ಅವನೇಕೆ ಬರುತ್ತಿದ್ದ?

1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಜೀವಿಸುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದಿತು. ಕಾನೂನು ವಿದ್ಯಾರ್ಥಿಗಳೆಲ್ಲ ಇದನ್ನು ಬಾಯಿಪಾಠ ಮಾಡುತ್ತಾರೆ. ಅದೇ ತೀರ್ಪು ಫುಟ್‌ಪಾತ್ ತೆರವು ಮಾಡಬಹುದು ಎಂದೂ ಹೇಳಿದೆ, ಅಕ್ಟೋಬರ್ 31ರವರೆಗೆ, ಅಂದರೆ ಮಳೆ ಮುಗಿಯುವವರೆಗೆ, ಕಾಯಿರಿ ಅಷ್ಟೇ. ಈ ಭಾಗ ಅಷ್ಟಾಗಿ ಯಾರ ನೆನಪಲ್ಲೂ ಇರೋದಿಲ್ಲ.

ಸೇಲಂನವನಿಗೆ ಬಸ್ಸು ನಿಲ್ಲಿಸಲು ಒಂದು ಊರಾದರೂ ಇತ್ತು. ನಮ್ಮ ತಾಂಡಾದವರನ್ನು ಬಸ್ಸು ಹತ್ತಿಸಿದ್ದರೆ ಎಲ್ಲಿ ಇಳಿಸುತ್ತಿದ್ದರು ಅಂತ ಅವತ್ತು ಯೋಚನೆ ಬಂತು. ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರೇ ಅಲ್ಲ. ಮನೆ ಇದೆ, ಸೇವಾಲಾಲರ ಗುಡಿ ಇದೆ, ವೋಟೂ ಇದೆ. ಮನೆ ನಿಂತ ಜಾಗಕ್ಕೆ ಮಾತ್ರ ಕಾಗದ ಇಲ್ಲ. ಜನಗಣತಿ ಸಿಬ್ಬಂದಿ 2011ರ ಫೆಬ್ರವರಿ 28ರ ರಾತ್ರಿ ದೇಶವೆಲ್ಲ ಸುತ್ತಿ 17.7 ಲಕ್ಷ ಮನೆಯಿಲ್ಲದವರನ್ನು ಎಣಿಸಿದರು. ತಾಂಡಾದ ಮನೆಯೊಳಗೆ ಮಲಗಿದವರು ಅದರಲ್ಲಿ ಬರೋದಿಲ್ಲ, ಅವರಿಗೆ ಮನೆ ಇದೆಯಲ್ಲ! ಸುಪ್ರೀಂ ಕೋರ್ಟ್ 2010ರಲ್ಲಿ ನಗರಗಳ ಲಕ್ಷ ಜನಕ್ಕೊಂದು ರಾತ್ರಿ ಆಶ್ರಯ ಬೇಕು ಎಂದಿತು. ಲಕ್ಷ ಮುಟ್ಟದ ಚಿತ್ತಾಪುರ ಆ ಲೆಕ್ಕದಲ್ಲೂ ಇಲ್ಲ.

ಕಾಗದ ಬಂದದ್ದು ನಾನು ಲಂಡನ್ನಿನಲ್ಲಿದ್ದ ವರ್ಷವೇ. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರಿಂದ ಹಕ್ಕುಪತ್ರ ವಿತರಣೆ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಸೇರಿ ಸುಮಾರು 1,475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾಗಿದ್ದವು. ಹಕ್ಕುಪತ್ರ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ. ಚುನಾವಣೆಗೆ ನಾಲ್ಕು ತಿಂಗಳಿತ್ತು, ಅದೂ ನಿಜ. ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಈಗ ಅದೂ ಒಂದು ಹಳ್ಳಿ.

ಆ ನವೆಂಬರಿನಲ್ಲಿ ಊರಿಗೆ ಬಂದಾಗ ಹಳೆಯ ಗೆಳೆಯನ ತಾಂಡಾಕ್ಕೆ ಹೋದೆ. ಅವರವ್ವ ಟ್ರಂಕಿನಿಂದ ಹಕ್ಕುಪತ್ರ ತೆಗೆದು ತೋರಿಸಿದರು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದರು. ಹೊರಗೆ ಗಂಟುಗಳು ಕಟ್ಟಿ ಇಟ್ಟಿದ್ದವು. ಮರುದಿನ ಪುಣೆಗೆ ಹೊರಡೋದಿತ್ತು, ಕಟ್ಟಡದ ಕೆಲಸಕ್ಕೆ. ನಾನು ಮಾಡಿ ಬಂದ ಕೆಲಸದ ಬಗ್ಗೆ ಮಗ ಹೇಳಿದ್ದನಂತೆ. "ಅಲ್ಲಿ ರಸ್ತೆ ಮ್ಯಾಲ ಮಲಗಿದವರಿಗಿ ನೀವು ಏನ್ ಕೇಳ್ತಿದ್ರಿ?" ಅಂದರು.

"ನಿಮ್ಮೂರು ಯಾವುದು ಅಂತ ಕೇಳ್ತಿದ್ವಿರೀ ಅವ್ವ."

"ಪುಣಾದಾಗೂ ಅದೇ ಕೇಳ್ತಾರ," ಅಂತ ಕಾಗದ ಮಡಚಿ ಟ್ರಂಕಿಗೆ ಬೀಗ ಹಾಕಿದರು.